ವ್ಯಾಯಾಮದ ಸೈಕಲ್: ಮೊದಲು ಕಾಲು, ಆಮೇಲೆ ಚಕ್ರ, ಕೊನೆಗೆ ಪರದೆ

ಕಲಬುರಗಿಯಲ್ಲಿ ವ್ಯಾಯಾಮದ ಸೈಕಲ್ ಜೋಡಿಸಿ ಕೊಡುವ, ರಿಪೇರಿ ಮಾಡುವ ಕೆಲಸ ನಮ್ಮದು. ಕೊಳ್ಳುವವರು ಮೊದಲು ಕೇಳುವುದು ‘ಇದರಾಗ ಕ್ಯಾಲೊರಿ ತೋರಸ್ತದೇನ್ರಿ?’ ಅಂತ. ನಾನು ತಿರುಗಿ ಕೇಳುವುದು ‘ತುಳಿಯೋರು ಯಾರ್ರಿ?’ ಅಂತ. ಕೈಗುಂಡಿ ತಿರುಗಿಸಿ ಬಿಗಿ ಮಾಡುವ ಕಡಿಮೆ ಬೆಲೆಯ ಸೈಕಲ್‌ಗಳ ಪರದೆ ಎಣಿಸುವುದು ಚಕ್ರದ ಸುತ್ತುಗಳನ್ನು ಮಾತ್ರ. ಒಂದನೇ ಮಟ್ಟದಲ್ಲಿ ಹಗುರಾಗಿ ತುಳಿದರೂ ಎಂಟನೇ ಮಟ್ಟದಲ್ಲಿ ಬೆವರು ಸುರಿಸಿದರೂ ಅದು ಒಂದೇ ಲೆಕ್ಕ ಹೇಳುತ್ತದೆ. ಆ ಅಂಕಿ ನಂಬಿ ದುಡ್ಡು ಹಾಕಬೇಡಿ.

ಮೊಣಕಾಲು, ಸೊಂಟ ನೋಯುವ ಹಿರಿಯರಿಗಾದರೆ ಬೆನ್ನಿಗೆ ಒರಗು ಇರುವ ರಿಕಂಬೆಂಟ್ ಬೈಕೇ ಸರಿ. ಪೆಡಲ್ ಮುಂದಕ್ಕಿರುತ್ತದೆ, ಆಸನ ಅಗಲ, ಬೀಳುವ ಭಯ ಕಡಿಮೆ. ಆಸನದ ಮುಂದೆ ಅಡ್ಡ ಕಂಬಿ ಇಲ್ಲದ್ದನ್ನೇ ಆರಿಸಿ, ಕಾಲೆತ್ತಿ ದಾಟುವುದೇ ಅವರಿಗೆ ಕಷ್ಟ. ಉದ್ದ ಸುಮಾರು ಐದು ಅಡಿ ಆಗುತ್ತದೆ, ಜಾಗ ಅಳೆದುಕೊಂಡು ಬನ್ನಿ. ಮನೆಮಂದಿಯೆಲ್ಲ ಬಳಸುವುದಾದರೆ ನೇರ ಕೂರುವ ಅಪ್‌ರೈಟ್ ಸಾಕು. ಏರ್ ಬೈಕ್‌ನ ಫ್ಯಾನು ಜೋರಾಗಿ ತುಳಿದಷ್ಟೂ ಭಾರವಾಗುತ್ತದೆ, ಸದ್ದೂ ಮಾಡುತ್ತದೆ. ಮಡಚುವ ಎಕ್ಸ್ ಬೈಕ್ ಚಕ್ರ ಬಹಳ ಹಗುರ, ಹಗುರ ವ್ಯಾಯಾಮಕ್ಕಷ್ಟೇ.

ಭಾರದ ಚಕ್ರ ಇಟ್ಟು ಜೋರಾಗಿ ತುಳಿಯುವ ಸ್ಪಿನ್ ಬೈಕ್ ಬಗ್ಗೆ ಎಚ್ಚರ ಹೇಳಲೇಬೇಕು. ಹೆಚ್ಚಿನವುಗಳಲ್ಲಿ ಫ್ರೀವೀಲ್ ಇರುವುದಿಲ್ಲ. ನೀವು ತುಳಿಯುವುದು ನಿಲ್ಲಿಸಿದರೂ ಭಾರದ ಚಕ್ರ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಆಗ ಕಾಲು ತೆಗೆದರೆ ಪೆಡಲ್ ಬಂದು ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯುತ್ತದೆ. ನಿಲ್ಲಿಸಲು ಬಿಗಿ ಮಾಡುವ ಗುಂಡಿಯನ್ನೇ ಕೆಳಕ್ಕೆ ಒತ್ತಬೇಕು. ಇದನ್ನು ಕಲಿಯದವರು, ಸಣ್ಣ ಮಕ್ಕಳು ಅದರ ಹತ್ತಿರ ಹೋಗಬಾರದು.

ಇನ್ನು ತಡೆ ಹೇಗೆ ಹುಟ್ಟುತ್ತದೆ ಎಂಬುದು. ಅಗ್ಗದ ಸ್ಪಿನ್ ಬೈಕ್‌ನಲ್ಲಿ ಉಣ್ಣೆಯ ಪ್ಯಾಡ್ ಚಕ್ರಕ್ಕೆ ಒತ್ತುತ್ತದೆ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಒಣ ಧಗೆ, ಜೊತೆಗೆ ಧೂಳು. ಪ್ಯಾಡ್ ಒಣಗಿ ಕಿರಗುಟ್ಟುತ್ತದೆ, ಸುಟ್ಟ ವಾಸನೆ ಬರುತ್ತದೆ. ಪ್ಯಾಡಿಗೆ ಸ್ವಲ್ಪ ಸಿಲಿಕಾನ್ ಸ್ಪ್ರೇ ಹಾಕಿದರೆ ಸದ್ದು ನಿಲ್ಲುತ್ತದೆ, ಹೆಚ್ಚಾದರೆ ಬ್ರೇಕೇ ಜಾರುತ್ತದೆ. ಅಯಸ್ಕಾಂತದ್ದಾದರೆ ಚಕ್ರಕ್ಕೆ ಏನೂ ತಾಗುವುದಿಲ್ಲ, ಸವೆತವಿಲ್ಲ. ಗುಂಡಿ ತಿರುಗಿಸಿದರೂ ಬಿಗಿ ಬದಲಾಗದಿದ್ದರೆ ಬಹುತೇಕ ಒಳಗಿನ ಕೇಬಲ್ ಕೊಕ್ಕೆಯಿಂದ ಜಾರಿರುತ್ತದೆ. ಅಡಾಪ್ಟರ್ ಬೇಕಾಗುವ ವಿದ್ಯುತ್ ಅಯಸ್ಕಾಂತದ ಸೈಕಲ್‌ನಲ್ಲಿ ಕರೆಂಟ್ ಹೋದರೆ ತಡೆಯೂ ಹೋಗುತ್ತದೆ, ಆದ್ದರಿಂದ ನಾನು ಮನೆಗೆ ಹೇಳುವುದು ಕೈಗುಂಡಿಯ ಅಯಸ್ಕಾಂತದ್ದನ್ನೇ.

ಚಕ್ರದ ತೂಕ ಕಾಗದದಲ್ಲಿ ಓದಿದರೆ ಸಾಲದು. ನಡುಮಟ್ಟಕ್ಕೆ ಬಿಗಿ ಇಟ್ಟು ನಿಧಾನವಾಗಿ, ನಿಮಿಷಕ್ಕೆ 50 ಸುತ್ತಿನಂತೆ ತುಳಿದು ನೋಡಿ. ಪೆಡಲ್ ಮೇಲೆ, ಕೆಳಗೆ ಬಂದಾಗ ಕಾಲು ತಡವರಿಸಿ ಜಗ್ಗಿದರೆ ಬಿಟ್ಟುಬಿಡಿ. ಸೈಕಲ್‌ನ ಮೇಲೆ ಬರೆದಿರುವ ಗರಿಷ್ಠ ತೂಕ ನಿಮ್ಮದಕ್ಕಿಂತ 20 ಕೆಜಿಯಾದರೂ ಹೆಚ್ಚಿರಲಿ.

ಸೀಟಿನ ಎತ್ತರ ತಪ್ಪಿದರೆ ಒಳ್ಳೆಯ ಸೈಕಲ್ಲೂ ಮೊಣಕಾಲು ಕೆಡಿಸುತ್ತದೆ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಮುಂಗಾಲಿಟ್ಟು ತುಳಿಯುವಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಕೆಳಗಿದೆ, ಹಿಂಭಾಗ ನೋಯುತ್ತಿದ್ದರೆ, ಇಲ್ಲವೇ ಸೊಂಟ ಅತ್ತಿತ್ತ ಓಲಾಡಿದರೆ ಮೇಲಿದೆ. ಮನೆಯ ಅತಿ ಗಿಡ್ಡರನ್ನೂ ಅತಿ ಎತ್ತರದವರನ್ನೂ ಅಂಗಡಿಯಲ್ಲೇ ಕೂರಿಸಿ ನೋಡಿ.

ರಿಪೇರಿಗೆ ಬರುವ ಟಕ್ ಟಕ್ ಸದ್ದಿನ ಮೂಲ ಹೆಚ್ಚಾಗಿ ಪೆಡಲ್. ಎಡ ಪೆಡಲಿನ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಉಲ್ಟಾ: ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೇ ಬಿಗಿಯಾಗುತ್ತದೆ. ತುದಿಯ ಎಲ್ (ಎಡ), ಆರ್ (ಬಲ) ಅಕ್ಷರ ನೋಡಿ, ಮೊದಲ ಕೆಲವು ಸುತ್ತು ಬೆರಳಿನಿಂದಲೇ ಹಾಕಿ, ಆಮೇಲೆ 15 ಎಂಎಂ ಸ್ಪ್ಯಾನರ್. ಒಂದು ವಾರ ತುಳಿದ ಮೇಲೆ ಮತ್ತೆ ಬಿಗಿ ಮಾಡಿ. ಸಡಿಲ ಪೆಡಲಲ್ಲೇ ತುಳಿದರೆ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಮರೆ ಉದುರುತ್ತದೆ. ಆಗ ಪೆಡಲ್ ಬದಲಿಸಿ ಫಲವಿಲ್ಲ, ಕ್ರ್ಯಾಂಕ್ ತೋಳನ್ನೇ ಹಾಕಬೇಕು.

ನಮ್ಮಲ್ಲಿ ಬಹಳ ಮನೆಗಳ ನೆಲ ಶಹಾಬಾದ್ ಫರಸಿ. ಸಂದುಗಳಲ್ಲಿ ಏರಿಳಿತವಿದ್ದರೆ ನಾಲ್ಕೂ ಪಾದ ಊರುವುದಿಲ್ಲ. ಸೈಕಲ್ ಅಲುಗಾಡಿ ಬೋಲ್ಟು ಸಡಿಲಾಗುತ್ತವೆ. ಪಾದದ ಮುಚ್ಚಳ ತಿರುಗಿಸಿ ಸಮ ಮಾಡಿ, ಕೆಳಗೆ 6 ಎಂಎಂ ರಬ್ಬರ್ ಮ್ಯಾಟ್ ಹಾಸಿ. ಮಾಳಿಗೆ ಮೇಲಿಡಬೇಡಿ, ಬಿಸಿಲಿಗೆ ಪ್ಲಾಸ್ಟಿಕ್, ಪರದೆ ಕೆಡುತ್ತವೆ. ಕೂಲರ್‌ನ ನೀರಹನಿ ನೇರ ಬೀಳದ ಹಾಗೆ ಸರಿಸಿಡಿ. ಬೆವರಿನ ಉಪ್ಪು ಹ್ಯಾಂಡಲ್ ಬೋಲ್ಟಿಗೆ ತುಕ್ಕು ಹಿಡಿಸುತ್ತದೆ, ತುಳಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಬೋರ್‌ವೆಲ್ ನೀರಿನ ಹಸಿಬಟ್ಟೆ ಬಿಳಿ ಕಲೆ ಬಿಡುತ್ತದೆ.

ಪೆಡಲ್ ಮರೆ ಅರ್ಧ ಇಂಚು, 9/16 ಇಂಚು ಎಂದು ಎರಡು ಅಳತೆಯಲ್ಲಿ ಬರುತ್ತದೆ. ಬದಲಿ ತರುವಾಗ ಹಳೆಯ ಪೆಡಲನ್ನು ಸೈಕಲ್ ಅಂಗಡಿಗೆ ಒಯ್ದು ತೋರಿಸಿ.