‘ಕುಂಬಳೆ’ ತೆರೆಯಿತು, ‘ಕಾಸರಗೋಡು’ ತೆರೆಯಲಿಲ್ಲ

ಊರಿನ ಗ್ರಂಥಾಲಯದ ಜಾಲತಾಣವನ್ನು ಹೊಸ ಸರ್ವರ್‌ಗೆ ಹಾಕಿದ ದಿನ ರಾತ್ರಿ ಹಿರಿಯ ಮಾಷ್ಟ್ರ ಫೋನ್ ಬಂತು. “ಎಂತ ಮಾರಾಯ, ಕುಂಬಳೆ ಬರ್ತದೆ, ಕಾಸರಗೋಡು ಬರುದಿಲ್ಲ. ಅಳಿಸಿ ಹೋಯ್ತಾ?”

ನಾನು ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುವವನು. ಸರ್ವರ್ ನೋಡಿಕೊಳ್ಳುವುದು ನನ್ನ ಉದ್ಯೋಗ ಅಲ್ಲ. ಆದರೆ ನಮ್ಮ ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಉಬುಂಟು ಲಿನಕ್ಸ್ ಮೇಲೆ. ಹಾಗಾಗಿ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡುವುದು ನನಗೆ ಹೊಸದಾಗಿರಲಿಲ್ಲ. ಗ್ರಂಥಾಲಯದಲ್ಲಿ ಹಳೆಯ ಕೈಬರಹದ ಪತ್ರಿಕೆಗಳು, ತಾಳಮದ್ದಳೆಯ ಆಮಂತ್ರಣಗಳು, ಊರುಗಳ ಬಗ್ಗೆ ಬರೆದ ಲೇಖನಗಳು ಕಟ್ಟುಕಟ್ಟಾಗಿ ಇದ್ದವು. ಗೆದ್ದಲು ಹಿಡಿಯುವ ಮೊದಲು ಅವನ್ನೆಲ್ಲ ಟೈಪ್ ಮಾಡಿ ಇಡಬೇಕು ಅಂತ ಹೊರಟೆವು. ಮೊದಲು ಇದ್ದ ಹೋಸ್ಟಿಂಗ್‌ನಲ್ಲಿ ಯಾವ ಸೆಟ್ಟಿಂಗೂ ನಮ್ಮ ಕೈಯಲ್ಲಿ ಇರಲಿಲ್ಲ. ಅದಕ್ಕೇ ಒಂದು ಜಿಬಿ ಮೆಮೊರಿಯ ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು, ಕೇಳಿದವರಿಗೆ ಪುಟ ಕಳಿಸಿಕೊಡುವ ಎನ್‌ಜಿನ್‌ಎಕ್ಸ್ ಎಂಬ ತಂತ್ರಾಂಶ ಹಾಕಿಕೊಂಡೆ.

ಫೈಲ್‌ಗಳಿಗೆ ಇಂಗ್ಲಿಷ್ ಹೆಸರು ಕೊಡಿ, ತಲೆನೋವು ಇರುವುದಿಲ್ಲ ಅಂತ ತಿಳಿದವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ. 1956ರಿಂದ ನಾವು ಕೇರಳದವರು. ಬೋರ್ಡಿನಲ್ಲಿ ಮಂಜೇಶ್ವರ ‘ಮಂಜೇಶ್ವರಂ’ ಆಗುತ್ತದೆ, ಕುಂಬಳೆ ‘ಕುಂಬಳ’ ಆಗುತ್ತದೆ. ನಮ್ಮದೇ ಜಾಲತಾಣದ ವಿಳಾಸದಲ್ಲಾದರೂ ಊರಿನ ಹೆಸರು ನಾವು ಕರೆಯುವ ಹಾಗೆ, ಕನ್ನಡ ಅಕ್ಷರದಲ್ಲೇ ಇರಬೇಕು ಅಲ್ವಾ?

ಶುರುವಿನ ಕೆಲಸ ಸಲೀಸು. ಸರ್ವರ್ ಬ್ಲಾಕ್‌ನಲ್ಲಿ, ಅಂದರೆ ನಮ್ಮ ತಾಣದ ಸೆಟ್ಟಿಂಗ್ ಬರೆಯುವ ಜಾಗದಲ್ಲಿ, ಡೊಮೇನ್ ಹೆಸರು ಬರೆದೆ, ಫೈಲ್‌ಗಳಿರುವ ಫೋಲ್ಡರನ್ನು ‘ರೂಟ್’ ಅಂತ ತೋರಿಸಿದೆ. ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಅನುಮತಿ ಕೊಟ್ಟೆ, ಅಂದರೆ ಎಲ್ಲರೂ ಓದಬಹುದು, ತಿದ್ದಲು ಒಡೆಯನಿಗೆ ಮಾತ್ರ ಸಾಧ್ಯ. ‘ಟ್ರೈ ಫೈಲ್ಸ್’ ಸಾಲಿನಲ್ಲಿ, ಕೇಳಿದ ಹೆಸರು ಹಾಗೇ ಸಿಗದಿದ್ದರೆ ಕೊನೆಗೆ ಎಚ್‌ಟಿಎಂಎಲ್ ಸೇರಿಸಿ ಹುಡುಕು ಅಂತ ಹೇಳಿದೆ. ಬದಲಾಯಿಸಿದಾಗಲೆಲ್ಲ ಮೊದಲು ‘ಎನ್‌ಜಿನ್‌ಎಕ್ಸ್ ಮೈನಸ್ ಟಿ’ ಕೊಟ್ಟು ಪರೀಕ್ಷೆ ಮಾಡಿ, ಸರಿ ಅಂತ ಬಂದ ಮೇಲೆಯೇ ರೀಲೋಡ್ ಮಾಡಿದೆ. ಸೆಟ್ಟಿಂಗ್ ಬರೆಯುವಾಗ ಒಂದು ಅರ್ಧವಿರಾಮ ಬಿಟ್ಟು ಹೋದರೂ ಆ ಪರೀಕ್ಷೆ ಸಾಮಾನ್ಯವಾಗಿ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ಮೊದಲು ಕಂಡ ತೊಂದರೆ ಅಕ್ಷರದ್ದು. ಎಚ್‌ಟಿಎಂಎಲ್ ಪುಟಗಳು ಚೆನ್ನಾಗಿ ಕಾಣುತ್ತಿದ್ದವು. ತಾಳಮದ್ದಳೆಯ ಪಟ್ಟಿಗಳನ್ನು ಮಾತ್ರ ಸುಮ್ನೆ ಟೆಕ್ಸ್ಟ್ ಫೈಲ್ ಆಗಿ ಇಟ್ಟಿದ್ದೆವು. ಅವುಗಳಲ್ಲಿ ಕನ್ನಡವೇ ಇಲ್ಲ! ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲ್ಗಡೆ ಸಣ್ಣ 2, ಮತ್ತೆ ಅದೇ ‘ಎ’, ಈ ಸಲ ಸಣ್ಣ 3. ಪುಟ ತುಂಬ ಅದೇ. ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಪದ್ಧತಿ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಇದು ಯುಟಿಎಫ್-8 ಅಂತ ಯಾರೂ ಹೇಳದಿದ್ದಾಗ ಬ್ರೌಸರ್ ಆ ಬೈಟ್‌ಗಳನ್ನು ಬಿಡಿ ಬಿಡಿ ಇಂಗ್ಲಿಷ್ ಅಕ್ಷರ ಅಂತ ಓದಿತ್ತು. ಎಚ್‌ಟಿಎಂಎಲ್ ಪುಟದ ಒಳಗೇ ಆ ಮಾಹಿತಿ ಬರೆದಿರುತ್ತೇವೆ, ಟೆಕ್ಸ್ಟ್ ಫೈಲ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಸರ್ವರೇ ಹೇಳಬೇಕು. ಸರ್ವರ್ ಬ್ಲಾಕ್‌ನಲ್ಲಿ ‘ಚಾರ್‌ಸೆಟ್ ಯುಟಿಎಫ್-8’ ಅಂತ ಒಂದು ಸಾಲು ಸೇರಿಸಿದೆ, ಪಟ್ಟಿಗಳೆಲ್ಲ ಕನ್ನಡಕ್ಕೆ ಮರಳಿದವು. ಎನ್‌ಜಿನ್‌ಎಕ್ಸ್ ಇದನ್ನು ತಾನಾಗಿ ಮಾಡುವುದಿಲ್ಲ. ಕನ್ನಡ ತಾಣ ಅಂದಮೇಲೆ ಈ ಸಾಲು ಮೊದಲೇ ಇರಲಿ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಮಾಷ್ಟ್ರ ಆ ಫೋನ್.

ಫೋಲ್ಡರ್ ತೆರೆದು ನೋಡಿದೆ. ‘ಕಾಸರಗೋಡು’ ಫೈಲ್ ಅಲ್ಲೇ ಇದೆ. ಬ್ರೌಸರ್‌ನಲ್ಲಿ ತೆರೆದು ನೋಡಿದೆ. ಅದೇ ದಾರಿ, ಅದೇ ಹೆಸರು, ‘ಅಂಥ ಫೈಲ್ ಇಲ್ಲ’. ಪರದೆಯ ಮೇಲೆ ಎರಡು ಹೆಸರನ್ನೂ ಒಂದರ ಕೆಳಗೆ ಒಂದು ಇಟ್ಟೆ. ಒಂದು ಚುಕ್ಕೆಯ ವ್ಯತ್ಯಾಸವೂ ಕಾಣಲಿಲ್ಲ. ಅನುಮತಿ ಸರಿ ಇದೆ, ಫೋಲ್ಡರ್ ಸರಿ ಇದೆ.

ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿದೆ. ತೆರೆಯುವವು: ಕುಂಬಳೆ, ಮಧೂರು, ಬದಿಯಡ್ಕ, ಪೆರ್ಲ, ಯಕ್ಷಗಾನ, ಪಾರ್ತಿಸುಬ್ಬ. ತೆರೆಯದವು: ಕಾಸರಗೋಡು, ಮಂಜೇಶ್ವರ, ಬೇಕಲ, ನೀರ್ಚಾಲು, ಗೋವಿಂದ ಪೈ, ಕಿಞ್ಞಣ್ಣ ರೈ. ಗಟ್ಟಿಯಾಗಿ ಓದಿದಾಗ ಕಿವಿಗೆ ಸಿಕ್ಕಿತು. ಗೋ, ಜೇ, ಬೇ, ನೀ, ಪೈ, ರೈ. ತೆರೆಯದ ಪ್ರತಿ ಹೆಸರಿನಲ್ಲೂ ಇಂಥ ಒಂದು ಅಕ್ಷರ ಇತ್ತು.

ಹೆಸರಿನ ಬೈಟ್ ಎಣಿಸಿದೆ. ಪುಟದ ಕೊಂಡಿಯಲ್ಲಿದ್ದ ‘ಕಾಸರಗೋಡು’ 24 ಬೈಟ್. ಫೋಲ್ಡರ್‌ನಲ್ಲಿದ್ದ ‘ಕಾಸರಗೋಡು’ 30 ಬೈಟ್. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಗೋ’ ಬರೆಯಲು ಎರಡು ದಾರಿ ಇದೆ. ನಮ್ಮ ಕೀಬೋರ್ಡುಗಳು ಸಾಮಾನ್ಯವಾಗಿ ಗ, ಆಮೇಲೆ ಓಕಾರದ ಒಂದೇ ಚಿಹ್ನೆ ಹಾಕುತ್ತವೆ. ಎರಡು ಸಂಕೇತ. ಇನ್ನೊಂದು ದಾರಿ, ನಾವು ಮಕ್ಕಳಿಗೆ ಕಾಗುಣಿತ ಬಿಡಿಸಿ ಹೇಳಿಕೊಡುವ ಹಾಗೆ: ಗ, ಅದಕ್ಕೆ ಏತ್ವ, ಕೊಂಬಿನ ಇಳಿ, ಕೊನೆಗೆ ದೀರ್ಘ. ನಾಲ್ಕು ಸಂಕೇತ. ಎರಡು ಸಂಕೇತ ಜಾಸ್ತಿ, ಅಂದರೆ ಆರು ಬೈಟ್ ಜಾಸ್ತಿ. ಮೊದಲನೆಯದನ್ನು ಎನ್‌ಎಫ್‌ಸಿ, ಎರಡನೆಯದನ್ನು ಎನ್‌ಎಫ್‌ಡಿ ಅಂತ ಕರೆಯುತ್ತಾರೆ. ಎರಡೂ ಸರಿಯೇ. ಜೇ, ನೀ, ಪೈಗಳಿಗೂ ಹೀಗೆ ಎರಡು ದಾರಿ ಇದೆ; ಕುಂಬಳೆಯ ಅಕ್ಷರಗಳಿಗೆ ಒಂದೇ. ಆದರೆ ಲಿನಕ್ಸ್ ಫೈಲ್ ಹುಡುಕುವಾಗ ಬರೀ ಬೈಟ್ ಹೋಲಿಸಿ ನೋಡುತ್ತದೆ, ಕಾಗುಣಿತ ನೋಡುವುದಿಲ್ಲ. ಈ ಫೈಲ್‌ಗಳನ್ನು ಸಿದ್ಧ ಮಾಡಿ ಕಳಿಸಿದ್ದು ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿ, ತನ್ನ ಹಳೆಯ ಮ್ಯಾಕ್ ಕಂಪ್ಯೂಟರ್‌ನಲ್ಲಿ. ಅದರ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಟ್ಟೇ ಉಳಿಸುತ್ತದೆ. ಹಾಗೇ ಸರ್ವರ್‌ಗೂ ಬಂದಿವೆ. ಯಾರದ್ದೂ ತಪ್ಪಿಲ್ಲ, ಸೆಟ್ಟಿಂಗಿನದ್ದಂತೂ ಅಲ್ಲವೇ ಅಲ್ಲ. ಅದಕ್ಕೇ ಎನ್‌ಜಿನ್‌ಎಕ್ಸ್ ಫೈಲನ್ನು ಎಷ್ಟು ತಿರುವಿದರೂ ಉತ್ತರ ಸಿಗುತ್ತಿರಲಿಲ್ಲ.

ಸರಿ ಮಾಡಲು ‘ಕನ್ವ್‌ಎಂವಿ’ ಅಂತ ಒಂದು ಸಣ್ಣ ಸಾಧನ ಇದೆ. ಇರುವುದು ಯುಟಿಎಫ್-8, ಬೇಕಾದದ್ದೂ ಯುಟಿಎಫ್-8, ರೂಪ ಎನ್‌ಎಫ್‌ಸಿ ಅಂತ ಹೇಳಿದರೆ ಯಾವ ಯಾವ ಹೆಸರು ಬದಲಾಗುತ್ತದೆ ಅಂತ ಮೊದಲು ತೋರಿಸುತ್ತದೆ ಅಷ್ಟೆ. ‘ನೋಟೆಸ್ಟ್’ ಅಂತ ಸೇರಿಸಿದ ಮೇಲೆ ನಿಜವಾಗಿ ಬದಲಿಸುತ್ತದೆ. ಪಟ್ಟಿಯನ್ನು ನನ್ನ ಹಾಳೆಯ ಜೊತೆ ಹೋಲಿಸಿ ನೋಡಿದೆ. ತೆರೆಯದ ಸಾಲಿನ ಒಂದು ಹೆಸರೂ ಬಿಟ್ಟು ಹೋಗಿರಲಿಲ್ಲ. ಈಗ ಹೊಸ ಫೈಲ್ ಯಾರ ಕಂಪ್ಯೂಟರ್‌ನಿಂದ ಬಂದರೂ ಈ ಜರಡಿಯಲ್ಲಿ ಹಾದೇ ಒಳಗೆ ಹೋಗುವುದು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ನಮ್ಮ ಗುಡ್ಡದ ಕಡೆ ನೆಟ್‌ವರ್ಕ್ ತೀರಾ ದುರ್ಬಲ, ಹಾಗಾಗಿ ಪುಟಗಳನ್ನು ಕುಗ್ಗಿಸಿ ಕಳಿಸುವ ಜಿಜಿಪ್ ಬೇಕೇ ಬೇಕು. ಉಬುಂಟುವಿನಲ್ಲಿ ಅದು ಆನ್ ಆಗಿಯೇ ಬರುತ್ತದೆ, ಆದರೆ ‘ಜಿಜಿಪ್ ಟೈಪ್ಸ್’ ಸಾಲಿನ ಶುರುವಿನಲ್ಲಿರುವ # ಗುರುತು ತೆಗೆಯುವವರೆಗೆ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ, ಟೆಕ್ಸ್ಟ್ ಫೈಲ್ ಕುಗ್ಗುವುದಿಲ್ಲ. ಕನ್ನಡದಲ್ಲಿ ಅದೇ ಬೈಟ್‌ಗಳು ಮತ್ತೆ ಮತ್ತೆ ಬರುವುದರಿಂದ ಪುಟಗಳು ತುಂಬ ಚೆನ್ನಾಗಿ ಕುಗ್ಗುತ್ತವೆ. ನಮ್ಮ ದೊಡ್ಡ ಪಟ್ಟಿಗಳು ಕಾಲು ಭಾಗಕ್ಕಿಂತ ಕಡಿಮೆ ಆದವು. ಎಚ್‌ಟಿಟಿಪಿಎಸ್‌ಗೆ, ಅಂದರೆ ಸುರಕ್ಷಿತ ಸಂಪರ್ಕಕ್ಕೆ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರ ಹಾಕಿದೆ. ಅದರ ಆಯುಸ್ಸು 90 ದಿನ, ಸರ್ಟ್‌ಬಾಟ್ ಎಂಬ ಸಾಧನ ತಾನೇ ನವೀಕರಿಸುತ್ತದೆ. ಎಲ್ಲ ಎಚ್‌ಟಿಟಿಪಿಎಸ್‌ನ ಬಾಗಿಲಾದ 443ನೇ ಪೋರ್ಟಿನಲ್ಲಿ ನಡೆಯುತ್ತದಲ್ಲ ಅಂತ 80ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿದ್ದೆ, ನವೀಕರಣ ನಿಂತು ಹೋಯಿತು. ನಾನು ಹಾಕಿದ ವಿಧಾನದಲ್ಲಿ ಡೊಮೇನ್ ನಮ್ಮದೇ ಅಂತ ಪರಿಶೀಲಿಸಲು ಲೆಟ್ಸ್ ಎನ್‌ಕ್ರಿಪ್ಟ್‌ನವರು ಬರುವುದು 80ರ ಬಾಗಿಲಿಗೆ. ಅದನ್ನು ತೆರೆದೇ ಇಡಿ.

ಮರುದಿನ ಸಂಜೆ ಗ್ರಂಥಾಲಯಕ್ಕೆ ಹೋದೆ. ಮಾಷ್ಟ್ರು ಕನ್ನಡಕ ಏರಿಸಿ, ತಮ್ಮ ಫೋನಿನಲ್ಲಿ ‘ಕಾಸರಗೋಡು’ ಒತ್ತಿದರು. ನಾನು ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಯಾವ ಪುಟ ಕೇಳಿದರು ಅಂತ ಸರ್ವರ್ ಬರೆದಿಡುವ ಆಕ್ಸೆಸ್ ಲಾಗ್ ನೋಡುತ್ತಾ ಕೂತಿದ್ದೆ. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತಿನ ಜೊತೆ ಮೂರು ಅಕ್ಷರ ಆಗುತ್ತದೆ, ಹಾಗಾಗಿ ಊರಿನ ಹೆಸರು 72 ಅಕ್ಷರ ಉದ್ದಕ್ಕೆ ಪರದೆಯ ಮೇಲೆ ಬಂತು. ಅದರ ಆಚೆ 200, ಅಂದರೆ ಪುಟ ಸಿಕ್ಕಿತು. ತಲೆ ಎತ್ತಿ ನೋಡಿದೆ. ಮಾಷ್ಟ್ರು ಆಗಲೇ ಓದುತ್ತಿದ್ದರು.