ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ: ಮೊದಲ ವರ್ಷದ ದುಡ್ಡಿನ ಲೆಕ್ಕ

ಬಂದ ಹೊಸತರಲ್ಲಿ ಎಲ್ಲರೂ ಗುಣಿಸುತ್ತಾರೆ. ಒಂದು ಮಸಾಲೆ ದೋಸೆಗೆ ಹದಿನೈದು ಡಾಲರ್ ಅಂದರೆ ಸಾವಿರ ರೂಪಾಯಿಗೂ ಮೇಲಾಯ್ತಲ್ಲಾ ಎಂದು ಸನ್ನಿವೇಲ್‌ನ ಹೋಟೆಲಿನಿಂದ ಹಾಗೇ ವಾಪಸು ಬರುತ್ತಾರೆ. ಮೂರು ತಿಂಗಳಿಗೆ ಗುಣಿಸುವುದು ನಿಲ್ಲುತ್ತದೆ. ಅದರ ಜೊತೆಗೆ ಲೆಕ್ಕ ಇಡುವುದೂ ನಿಂತುಹೋಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಗುಣಿಸುವುದನ್ನು ಬಿಟ್ಟರೆ ಒಳ್ಳೆಯದೇ. ಆದರೆ ಆಫರ್ ಲೆಟರಿನಲ್ಲಿರುವ ಸಂಬಳವನ್ನು ಮರೆತು, ಬ್ಯಾಂಕಿಗೆ ಬಂದು ಬೀಳುವ ಮೊತ್ತವನ್ನಷ್ಟೇ ನಂಬಿ. ಫೆಡರಲ್ ತೆರಿಗೆ, ಕ್ಯಾಲಿಫೋರ್ನಿಯಾ ತೆರಿಗೆ, ಸರ್ಕಾರಿ ಪಿಂಚಣಿಗೆಂದು ಶೇ. 6.2 ಸೋಶಿಯಲ್ ಸೆಕ್ಯುರಿಟಿ, ವಯಸ್ಸಾದವರ ಆರೋಗ್ಯ ವಿಮೆಗೆಂದು ಶೇ. 1.45 ಮೆಡಿಕೇರ್, ನಿಮ್ಮದೇ ಆರೋಗ್ಯ ವಿಮೆ, ಎಲ್ಲಾ ಕಳೆದ ಮೇಲೆ ಉಳಿಯುವುದು ನೋಡಿದರೆ ಮೊದಲ ಪೇ ಸ್ಟಬ್ (ಸಂಬಳದ ಚೀಟಿ) ಬಂದ ದಿನ ಊಟ ಸೇರುವುದಿಲ್ಲ. ಅದರಲ್ಲೂ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ.

ಬಾಡಿಗೆಯ ಬಗ್ಗೆ ಒಂದೇ ಮಾತು. 2024ರ ಜುಲೈ 1ರಿಂದ ಇಲ್ಲಿ ಹೆಚ್ಚಿನ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಒಂದೆರಡು ಮನೆ ಇಟ್ಟುಕೊಂಡಿರುವ ಸಣ್ಣ ಮಾಲೀಕರಿಗೆ ಎರಡು ತಿಂಗಳ ತನಕ ಅವಕಾಶವಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಹಬ್ಬ. ಮನೆ ಬಿಟ್ಟ 21 ದಿನದೊಳಗೆ ಡೆಪಾಸಿಟ್ಟಾಗಲಿ, ಕಳೆದದ್ದರ ಲೆಕ್ಕವಾಗಲಿ ನಿಮ್ಮ ಕೈಗೆ ಬರಬೇಕು. ಮನೆ ಸೇರಿದ ದಿನವೇ ಗೋಡೆ, ಕಾರ್ಪೆಟ್, ಒಲೆ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ.

ಸಾಸಿವೆ ಡಬ್ಬಿ

ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದರು. ಇಲ್ಲಿ ನೀವು ಮಾಡಬೇಕಾದ ಮೊದಲ ಕೆಲಸವೂ ಅದೇ. ಕಾರಿಗಿಂತ, ಸೋಫಾಕ್ಕಿಂತ, ಊರಿನ ಸೈಟಿಗಿಂತ ಮುಂಚೆ.

ಯಾಕೆ ಅಂದರೆ, ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಐ-94 (ಎಲ್ಲಿಯ ತನಕ ಇಲ್ಲಿರಬಹುದು ಅನ್ನುವ ದಾಖಲೆ) ಅದಕ್ಕೂ ಮುಂಚೆ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಇದು ಬರೀ ಕೆಲಸ ಹುಡುಕುವ 60 ದಿನವಲ್ಲ. ಬಾಡಿಗೆ ಕಟ್ಟಬೇಕು. ವಾಪಸು ಹೋಗುವುದಾದರೆ ಲೀಸ್ ಮುರಿಯಬೇಕು, ಟಿಕೆಟ್ ತೆಗೆಯಬೇಕು, ಕಾರು ಸಿಕ್ಕಿದ ಬೆಲೆಗೆ ಮಾರಬೇಕು. ಕಂಪನಿಯ ಆರೋಗ್ಯ ವಿಮೆಯನ್ನು ಕೋಬ್ರಾ ಅನ್ನುವ ವ್ಯವಸ್ಥೆಯಲ್ಲಿ ಮುಂದುವರಿಸಬಹುದು. ಆದರೆ ಅಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲೂ ಆಗ ನಿಮ್ಮ ತಲೆಗೇ, ಮೇಲೆ ಶೇ. 2 ಖರ್ಚು ಬೇರೆ. ಮನೆಯಲ್ಲಿ ಇನ್ನೊಬ್ಬರು ಎಚ್-4 ಅವಲಂಬಿತರ ವೀಸಾ ಮೇಲಿದ್ದು ಕೆಲಸದ ಪರವಾನಗಿ ಇಲ್ಲದಿದ್ದರೆ ಇಡೀ ಸಂಸಾರ ಒಂದೇ ಸಂಬಳದ ಮೇಲೆ ನಿಂತಿರುತ್ತದೆ.

ಹಾಗಾಗಿ ಮೂರು ತಿಂಗಳ ಖರ್ಚು ಸಾಕು ಎಂದು ಇಲ್ಲಿನವರು ಹೇಳುವುದು ನಮಗೆ ಹೊಂದುವುದಿಲ್ಲ. ಆರು ತಿಂಗಳದ್ದು ಇಡಿ. ಷೇರಿನಲ್ಲಲ್ಲ, ಊರಿನ ಎಫ್‌ಡಿಯಲ್ಲೂ ಅಲ್ಲ. ಇಲ್ಲೇ, ಮಾರನೇ ದಿನ ಕೈಗೆ ಸಿಗುವ ಹಾಗೆ. ದೊಡ್ಡ ಬ್ಯಾಂಕುಗಳ ಸಾದಾ ಸೇವಿಂಗ್ಸ್ ಖಾತೆಯಲ್ಲಿ ಬಡ್ಡಿ ಇಲ್ಲ ಅನ್ನುವಷ್ಟು ಕಡಿಮೆ. ಆನ್‌ಲೈನ್ ಬ್ಯಾಂಕುಗಳ ಹೈ ಯೀಲ್ಡ್ ಖಾತೆಯಲ್ಲಿ ಜಾಸ್ತಿ ಬರುತ್ತದೆ. ಎಫ್‌ಡಿಐಸಿ ಅನ್ನುವ ಸರ್ಕಾರಿ ಠೇವಣಿ ವಿಮೆ ಇದೆಯೇ ಅಂತ ಮಾತ್ರ ನೋಡಿಕೊಳ್ಳಿ, 2,50,000 ಡಾಲರ್ ತನಕ ಭದ್ರ. ಸಂಬಳ ಬಂದ ದಿನವೇ ಇಷ್ಟು ಅಲ್ಲಿಗೆ ಹೋಗಲಿ ಎಂದು ಆಟೋ ಟ್ರಾನ್ಸ್‌ಫರ್ ಹಾಕಿಬಿಡಿ. ಮಿಕ್ಕಿದ್ದನ್ನು ಉಳಿಸ್ತೀನಿ ಅಂದವರ ಹತ್ತಿರ ಮಿಕ್ಕಿದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು ವಿಷಯ. ಖಾತೆ ಜಂಟಿಯಾಗಿರಲಿ. ಎಲ್ಲಾ ಪಾಸ್‌ವರ್ಡ್ ಯಜಮಾನರ ತಲೆಯಲ್ಲೇ ಇದ್ದು, ಅವರು ಆಸ್ಪತ್ರೆ ಸೇರಿದಾಗ ಬಾಡಿಗೆ ಹೇಗೆ ಕಟ್ಟುವುದೆಂದು ಗೊತ್ತಾಗದೆ ನಮಗೆ ಫೋನು ಮಾಡಿದವರಿದ್ದಾರೆ.

ಕ್ರೆಡಿಟ್ ಕಾರ್ಡ್

ಊರಿನ ಸಿಬಿಲ್ ಸ್ಕೋರು ಇಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಸೊನ್ನೆಯಿಂದ ಶುರು. ಯಾರೂ ಕಾರ್ಡ್ ಕೊಡದಿದ್ದರೆ ಡೆಪಾಸಿಟ್ ಇಟ್ಟು ತೆಗೆದುಕೊಳ್ಳುವ ಸೆಕ್ಯೂರ್ಡ್ ಕಾರ್ಡ್ ಇದೆ. ಇಲ್ಲಿನ ಕ್ರೆಡಿಟ್ ಸ್ಕೋರು 300ರಿಂದ 850ರ ತನಕ. ಅದನ್ನು ಅಳೆಯುವ ಫೀಕೋ ಲೆಕ್ಕದಲ್ಲಿ ಶೇ. 35 ತೂಕ ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ ಅನ್ನುವುದಕ್ಕೆ, ಶೇ. 30 ಎಷ್ಟು ಸಾಲ ಇಟ್ಟುಕೊಂಡಿದ್ದೀರಿ ಅನ್ನುವುದಕ್ಕೆ. ಸಾವಿರ ಡಾಲರ್ ಮಿತಿಯ ಕಾರ್ಡಿನಲ್ಲಿ ಒಂಬೈನೂರು ಬಳಸಿದರೆ, ಪೂರ್ತಿ ಕಟ್ಟುವವರಾದರೂ ಸ್ಕೋರು ಕುಸಿಯುತ್ತದೆ. ಮುನ್ನೂರರ ಒಳಗೆ ಇರಲಿ.

ಸ್ಕೋರು ಬೆಳೆಯಬೇಕಾದರೆ ಸ್ವಲ್ಪ ಬಾಕಿ ಉಳಿಸಬೇಕು ಎಂದು ಯಾರೋ ಪಾರ್ಕಿನಲ್ಲಿ ಹೇಳುತ್ತಾರೆ. ಸುಳ್ಳು. ಬಿಲ್ಲಿನ ಪೂರ್ತಿ ಮೊತ್ತ ಪ್ರತಿ ತಿಂಗಳು ಕಟ್ಟಿ. ಮಿನಿಮಮ್ ಮಾತ್ರ ಕಟ್ಟಿದರೆ ಮಿಕ್ಕಿದ್ದಕ್ಕೆ ಬೀಳುವ ಬಡ್ಡಿ ವರ್ಷಕ್ಕೆ ಶೇ. 20 ದಾಟುವುದು ಮಾಮೂಲು. ಊರಿನ ಕೈಸಾಲವೇ ವಾಸಿ.

ವಾಪಸು ಹೋಗುವವರಿಗೆ 401ಕೆ ಯಾಕೆ?

ಇದು ನನ್ನದೇ ತಪ್ಪು. ಮೂರು ವರ್ಷದಲ್ಲಿ ಮೈಸೂರಿಗೆ ಹೋಗಿಬಿಡ್ತೀವಲ್ಲ ಎಂದು ನಾನು 401ಕೆಗೆ, ಅಂದರೆ ಸಂಬಳದಿಂದಲೇ ಕಟ್ಟುವ ಕಂಪನಿಯ ನಿವೃತ್ತಿ ಉಳಿತಾಯ ಯೋಜನೆಗೆ, ಸೇರಲೇ ಇಲ್ಲ. ಹನ್ನೊಂದು ವರ್ಷ ಆಯಿತು, ಇನ್ನೂ ಇಲ್ಲೇ ಇದ್ದೇನೆ. ನೀವು ಹಾಕಿದ್ದಕ್ಕೆ ಕಂಪನಿ ತನ್ನ ಪಾಲು ಸೇರಿಸುವುದಾದರೆ, ಅದು ಸಿಗುವಷ್ಟಾದರೂ ಹಾಕಿ. ವಾಪಸು ಹೋದರೂ ದುಡ್ಡು ಇಲ್ಲೇ ಇರಬಹುದು. 59½ ವಯಸ್ಸಿಗಿಂತ ಮುಂಚೆ ತೆಗೆದರೆ ತೆರಿಗೆಯ ಜೊತೆಗೆ ತೆಗೆದ ಮೊತ್ತಕ್ಕೆ ಸಾಮಾನ್ಯವಾಗಿ ಶೇ. 10 ದಂಡ. ಕಂಪನಿಯ ಪಾಲು ಪೂರ್ತಿ ನಿಮ್ಮದಾಗಲು ಎಷ್ಟು ವರ್ಷ ಎಂದು ಮಾತ್ರ ಎಚ್‌ಆರ್ ಹತ್ತಿರ ಕೇಳಿ.

ಸೋಶಿಯಲ್ ಸೆಕ್ಯುರಿಟಿಯ ಕಥೆ ಬೇರೆ. ಅದರ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಕಡಿಮೆಯೆಂದರೂ ಹತ್ತು ವರ್ಷದ ದುಡಿಮೆ ಬೇಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದ ಇಲ್ಲ. ಐದು ವರ್ಷಕ್ಕೆ ಹೋದರೆ ಕಟ್ಟಿದ್ದು ಕಟ್ಟಿದ್ದೇ.

ಊರಿನ ದುಡ್ಡು

ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒಗೆ (ಹೊರದೇಶದಲ್ಲಿರುವವರು ಊರಿನ ಆದಾಯ ಇಡುವ ಖಾತೆ) ಬದಲಾಯಿಸಬೇಕು, ಅದು ನಿಯಮ. ಹೊರಗೆ ಗಳಿಸಿದ್ದನ್ನು ಇಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಷ್ಟಕ್ಕೇ ಬೀಗಬೇಡಿ. ಇಲ್ಲಿ ತೆರಿಗೆಯ ಲೆಕ್ಕಕ್ಕೆ ರೆಸಿಡೆಂಟ್ ಆದ ಮೇಲೆ ಆ ಬಡ್ಡಿಯನ್ನು ತೋರಿಸಲೇಬೇಕು. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಊರಿನ ಮ್ಯೂಚುವಲ್ ಫಂಡ್ ಇದ್ದರೆ ಇಲ್ಲಿನ ತೆರಿಗೆ ನಿಯಮ ತುಂಬಾ ಕಿರಿಕಿರಿ. ಮೊದಲ ವರ್ಷ ಎರಡೂ ದೇಶದ ಲೆಕ್ಕ ಗೊತ್ತಿರುವ ಸಿಪಿಎಗೆ (ಇಲ್ಲಿನ ಲೆಕ್ಕಪರಿಶೋಧಕರು) ದುಡ್ಡು ಕೊಟ್ಟು ಕೇಳಿ. ಅದು ದಂಡದ ಖರ್ಚಲ್ಲ.

ಮನೆಗೆ ದುಡ್ಡು ಕಳಿಸುವಾಗ ಬ್ಯಾಂಕ್ ಖಾತೆಯಿಂದಲೇ ಕಳಿಸಿ. 2026ರ ಜನವರಿಯಿಂದ ನಗದು, ಮನಿ ಆರ್ಡರ್ ಕೊಟ್ಟು ಕಳಿಸುವುದಕ್ಕೆ ಶೇ. 1 ತೆರಿಗೆ ಇದೆ. ಇನ್ನು ಸಕಲೇಶಪುರದಲ್ಲಿ ಕಾಫಿ ತೋಟದ ಕನಸು ಇದ್ದವರಿಗೆ: ಎನ್‌ಆರ್‌ಐಗಳು ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಜ್ಜನಿಂದ ವಾರಸಾಗಿ ಬಂದರೆ ಅಡ್ಡಿಯಿಲ್ಲ. ಸೈಟು ಕೊಳ್ಳಬಹುದು. ಆದರೆ ಸಾಸಿವೆ ಡಬ್ಬಿ ತುಂಬುವ ಮುಂಚೆ ಅದರ ಇಎಂಐ ತಲೆಗೆ ಕಟ್ಟಿಕೊಳ್ಳಬೇಡಿ.

ಚಿಲ್ಲರೆ ಸೋರಿಕೆ

ಅಂಗಡಿಯ ಬೆಲೆಚೀಟಿಯಲ್ಲಿ ಸೇಲ್ಸ್ ಟ್ಯಾಕ್ಸ್ ಸೇರಿರುವುದಿಲ್ಲ. ಕಾಫಿ ಕಟ್ಟಿಸಿಕೊಂಡು ಬರುವಾಗಲೂ ಪರದೆ ತಿರುಗಿಸಿ ಟಿಪ್ ಕೇಳುತ್ತಾರೆ, ಸುಮ್ನೆ ಸಂಕೋಚಕ್ಕೆ ಒತ್ತಬೇಡಿ. ಕೂತು ಉಂಡಾಗ ಮಾತ್ರ ಕೊಡದೆ ಬರಬೇಡಿ. ಫ್ರೀ ಟ್ರಯಲ್ ಎಂದು ಸೇರಿಕೊಂಡದ್ದನ್ನೆಲ್ಲ ಆರು ತಿಂಗಳಿಗೊಮ್ಮೆ ಕಾರ್ಡಿನ ಬಿಲ್ಲು ಹಿಡಿದು ಕಿತ್ತುಹಾಕಿ. ಇಲ್ಲಿ ನೀವಿರುವ ಊರಿನ ಲೈಬ್ರರಿ ಕಾರ್ಡು ಉಚಿತ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಶನಿವಾರ ಇಲ್ಲ.

ಸೋಫಾ, ಮಂಚ, ಮೇಜು ಹೊಸದು ಕೊಳ್ಳುವ ಮುಂಚೆ ಕನ್ನಡ ಕೂಟದ ಗುಂಪಿನಲ್ಲಿ ಒಂದು ಮಾತು ಕೇಳಿ. ಬೇಸಿಗೆ ರಜೆ ಶುರುವಾದರೆ ಮನೆ ಖಾಲಿ ಮಾಡುವವರು ಯಾರಾದರೂ ಇದ್ದೇ ಇರುತ್ತಾರೆ. ನಮ್ಮ ಮನೆಯ ಊಟದ ಮೇಜು ನಾಲ್ಕನೇ ಕೈ. ಒಂದು ಕಾಲು ಸ್ವಲ್ಪ ಅಲುಗಾಡುತ್ತದೆ, ಅಷ್ಟೇ.