ಡ್ಯಾಶ್‌ಬೋರ್ಡಿನ ಕಟಕಟ ಸದ್ದು ನಿಂತದ್ದು ಹೀಗೆ

ಹೊಸ ಕಾರು ಕೊಂಡು ಎರಡು ತಿಂಗಳಾಗುವಷ್ಟರಲ್ಲಿ, ಒರಟು ರಸ್ತೆಯಲ್ಲಿ ಗಂಟೆಗೆ 30ರಿಂದ 40 ಕಿ.ಮೀ. ವೇಗದಲ್ಲಿ ಹೋಗುವಾಗಲೆಲ್ಲ ಡ್ಯಾಶ್‌ಬೋರ್ಡಿನ ಎಡಭಾಗದಿಂದ ಕಟಕಟ ಸದ್ದು ಕೇಳತೊಡಗಿತು. ಸರ್ವಿಸ್ ಸೆಂಟರಿನವರು ನುಣುಪಾದ ರಸ್ತೆಯಲ್ಲಿ ಓಡಿಸಿ ನೋಡಿ ಏನೂ ಇಲ್ಲವೆಂದರು; ಅಂಥ ರಸ್ತೆಯಲ್ಲಿ ನನಗೂ ಏನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಪತ್ನಿಗೆ ಸ್ಟೀರಿಂಗ್ ಒಪ್ಪಿಸಿ, ನಾನು ಪಕ್ಕದಲ್ಲಿ ಕುಳಿತು ಪ್ಲಾಸ್ಟಿಕ್ ಭಾಗಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತುತ್ತಾ ಹೋದಾಗ, ಗ್ಲೋವ್ ಬಾಕ್ಸನ್ನು ಒತ್ತಿದೊಡನೆ ಸದ್ದು ಅಡಗಿತು. ಒಳಗಿದ್ದ ಸಾಮಾನುಗಳನ್ನೆಲ್ಲ ತೆಗೆದರೂ ಅದು ಮರುಕಳಿಸಿದ್ದರಿಂದ, ಬಾಕ್ಸನ್ನೇ ಕಳಚಿ ಟಾರ್ಚ್ ಹಿಡಿದು ನೋಡಿದೆ: ಕ್ಲಿಪ್ಪಿನಿಂದ ಜಾರಿದ ವೈರಿನ ಕನೆಕ್ಟರೊಂದು ಹಿಂಬದಿಯ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಅದಕ್ಕೆ ಫೆಲ್ಟ್ ಟೇಪ್ (ಮೆತ್ತನೆಯ ಬಟ್ಟೆಯಂಥ ಅಂಟುಪಟ್ಟಿ) ಸುತ್ತಿ ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದೆ. ಹಳದಿ ಕನೆಕ್ಟರುಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವಾದ್ದರಿಂದ ಅವುಗಳ ಗೋಜಿಗೆ ಹೋಗಲಿಲ್ಲ. ಅಂದಿನಿಂದ ಸದ್ದಿಲ್ಲ.